ಡೈನಮೋವಿನಿಂದ ಆಲ್ಟರ್ನೇಟರಿಗೆ: ಮೋಟಾರು ವಾಹನಗಳ ವಿದ್ಯುತ್ಪೂರಣ ವ್ಯವಸ್ಥೆ ಮತ್ತು ಅದರ ದೋಷಶೋಧನೆ

ಯಂತ್ರಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ಅವುಗಳನ್ನು ಕಂಡುಹಿಡಿದವರ ಚರಿತ್ರೆಯನ್ನು ಬರೆದಿದ್ದಾರೆ. ಅವು ಕೆಟ್ಟು ನಿಂತಾಗ ಸರಿಪಡಿಸಿದವರ ಚರಿತ್ರೆಗೆ ಕೈಹಾಕಿದವರು ವಿರಳ. ಇದರಿಂದ ಆಗಿರುವ ನಷ್ಟವೆಂದರೆ, ದುರಸ್ತಿಯ ವಿಧಾನಗಳಿಗೂ ಒಂದು ಹುಟ್ಟು, ಒಂದು ಕಾಲ, ಒಂದು ಸನ್ನಿವೇಶ ಇರುತ್ತದೆಂಬುದು ನಮ್ಮ ಗಮನಕ್ಕೆ ಬಾರದೆ ಹೋಗಿದೆ. ಒಂದು ಯಂತ್ರಕ್ಕೆ ತಕ್ಕುದಾಗಿ ಹುಟ್ಟಿದ ವಿಧಾನವು ಆ ಯಂತ್ರ ಮರೆಯಾದ ಮೇಲೂ ಕೈಯಿಂದ ಕೈಗೆ ಸಾಗಿಬಂದು, ತನಗೆ ಸಲ್ಲದ ಇನ್ನೊಂದು ಯಂತ್ರದ ಮೇಲೆ ಪ್ರಯೋಗವಾಗುವುದುಂಟು. ಮೋಟಾರು ವಾಹನಗಳಲ್ಲಿ ಬ್ಯಾಟರಿಗೆ ವಿದ್ಯುತ್ತನ್ನು ತುಂಬುವ ವ್ಯವಸ್ಥೆ, ಎಂದರೆ ಗ್ಯಾರೇಜಿನ ಮಾತಿನಲ್ಲಿ ಚಾರ್ಜಿಂಗ್, ಇದಕ್ಕೆ ಒಳ್ಳೆಯ ನಿದರ್ಶನ. ಈ ವ್ಯವಸ್ಥೆಯ ಪೂರ್ವಚರಿತ್ರೆಯನ್ನೂ ಅದರಲ್ಲಿ ತಲೆದೋರುವ ದೋಷಗಳನ್ನು ಪತ್ತೆಹಚ್ಚುವ ಕ್ರಮವನ್ನೂ ಒಟ್ಟಿಗೆ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವೆರಡನ್ನು ಬೇರ್ಪಡಿಸಿದರೆ ಎರಡೂ ಅರ್ಥವಾಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಬೆಳಗಿನ ಹೊತ್ತು ಕಾರು ಚಾಲನೆಗೊಳ್ಳದಿದ್ದರೆ ಅಪರಾಧವನ್ನು ಬ್ಯಾಟರಿಯ ಮೇಲೆ ಹೊರಿಸುವುದು ರೂಢಿ. ಹೊಸ ಬ್ಯಾಟರಿಯನ್ನು ತಂದು ಕೂರಿಸಿದರೆ ಕಾರು ಒಡನೆ ಓಡುತ್ತದೆ. ಹೊರಿಸಿದ ಅಪರಾಧ ಸಾಬೀತಾಯಿತೆಂದು ಒಡೆಯನೂ ಮೇಸ್ತ್ರಿಯೂ ಒಪ್ಪುತ್ತಾರೆ. ಒಂದೆರಡು ವಾರ ಕಳೆಯುವಷ್ಟರಲ್ಲಿ ಹೊಸದೂ ಹಳೆಯದರ ಹಾದಿಯನ್ನೇ ಹಿಡಿದರೆ, ತಯಾರಕರನ್ನು ಬೈಯುವುದಲ್ಲದೆ ಬೇರೆ ದಾರಿ ತೋಚುವುದಿಲ್ಲ. ವಾಸ್ತವವಾಗಿ ಇಲ್ಲಿ ನಡೆದಿರುವುದು ಜಮಾಖರ್ಚಿನ ತಪ್ಪು. ಬ್ಯಾಟರಿ ಒಂದು ತಿಜೋರಿ. ತಿಜೋರಿ ಬರಿದಾಗಿದೆಯೆಂದ ಮಾತ್ರಕ್ಕೆ ಅದು ತೂತಾಗಿದೆಯೆಂದು ಹೇಳಲಾಗದು. ಜಮೆಯೇ ಬಾರದಿದ್ದಿರಬಹುದು, ಬಂದದ್ದು ದಾರಿಯಲ್ಲಿ ಸೋರಿರಬಹುದು, ಇಲ್ಲವೆ ರಾತ್ರಿಯ ಹೊತ್ತು ಯಾರೂ ಅರಿಯದಂತೆ ಖರ್ಚು ನಡೆದಿರಬಹುದು. ಇವುಗಳಲ್ಲಿ ಯಾವುದೆಂದು ಗೊತ್ತುಮಾಡುವುದೇ ದೋಷಶೋಧನೆ.

ಈ ತಿಜೋರಿಯು ವಾಹನಕ್ಕಿಂತ ಹಳೆಯದು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಮತ್ತೆ ಮತ್ತೆ ತುಂಬಬಹುದಾದ ವಿದ್ಯುತ್ಕೋಶವನ್ನು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ೧೮೫೯ರಲ್ಲಿ ರಚಿಸಿದನು. ೧೮೮೧ರಲ್ಲಿ ಕಾಮಿಲ್ ಫೋರ್ ಎಂಬವನು ಫಲಕಗಳಿಗೆ ಸೀಸದ ಸಂಯುಕ್ತಗಳ ಲೇಪವನ್ನು ಹಚ್ಚುವ ಕ್ರಮವನ್ನು ತಂದಮೇಲೆ ಅದು ವ್ಯಾಪಾರದ ವಸ್ತುವಾಯಿತು. ಆದರೆ ಆದಿಕಾಲದ ಮೋಟಾರುಗಳಲ್ಲಿ ಬಹುಪಾಲಿಗೆ ಅದನ್ನು ತುಂಬುವ ಯಂತ್ರವೇ ಇರಲಿಲ್ಲ. ಎಂಜಿನನ್ನು ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಿದ್ದರು. ದೀಪಗಳು ಕಾರ್ಬೈಡಿನಿಂದ ಹುಟ್ಟುವ ಅಸಿಟಲೀನ್ ಅನಿಲದಿಂದ ಉರಿಯುತ್ತಿದ್ದುವು. ಕಿಡಿಯನ್ನು ಮ್ಯಾಗ್ನೆಟೋ ಒದಗಿಸುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ೧೯೧೧ರಲ್ಲಿ ವಿದ್ಯುತ್ತಿನಿಂದ ಎಂಜಿನನ್ನು ತಿರುಗಿಸುವ ಸ್ವಯಂಚಾಲಕವನ್ನು ಸಿದ್ಧಪಡಿಸಿದನು. ೧೯೧೨ನೆಯ ಮಾದರಿಯ ಕ್ಯಾಡಿಲಾಕ್ ಕಾರುಗಳು ಅದನ್ನು ಹೊತ್ತು ಬಂದುವು. ನಮ್ಮ ಊರುಗಳಲ್ಲಿ ‘ಸೆಲ್ಫ್’ ಎಂದು ಜನ ಕರೆಯುವುದು ಇದನ್ನೇ. ಕೆಟರಿಂಗನ ನಿಜವಾದ ಸಾಧನೆ ಆ ಮೋಟಾರಿಗಿಂತಲೂ, ಚಾಲನೆ, ಕಿಡಿ, ದೀಪ, ಬ್ಯಾಟರಿಯನ್ನು ಮರಳಿ ತುಂಬುವಿಕೆ ಇವೆಲ್ಲವನ್ನೂ ಒಂದೇ ವ್ಯವಸ್ಥೆಯಾಗಿ ಬೆಸೆದುದರಲ್ಲಿದೆ. ಕೊಟ್ಟ ಸಾಲವನ್ನು ಎಂಜಿನೇ ತೀರಿಸಬೇಕೆಂಬ ಏರ್ಪಾಡು ಅಂದಿನಿಂದ ಬಂದದ್ದು.

ಆ ಸಾಲ ಎಷ್ಟು ದೊಡ್ಡದೆಂಬುದನ್ನು ಲೆಕ್ಕ ಹಾಕಿ ನೋಡುವುದು ಮೇಲು. ಏಕೆಂದರೆ ಈ ವಿಷಯದಲ್ಲಿ ತಪ್ಪು ಕಲ್ಪನೆಗಳು ಹೆಚ್ಚು. ಸೆಲ್ಫ್ ೨೦೦ ಆಂಪಿಯರ್ ಪ್ರವಾಹವನ್ನು ೩ ಸೆಕೆಂಡುಗಳ ಕಾಲ ಎಳೆಯಿತೆಂದು ಇಟ್ಟುಕೊಂಡರೆ, ಖರ್ಚಾದದ್ದು ಒಂದು ಆಂಪಿಯರ್-ಗಂಟೆಯ ಆರನೆಯ ಒಂದು ಭಾಗ ಮಾತ್ರ. ೧೦ ಆಂಪಿಯರ್ ದರದಲ್ಲಿ ಜಮೆಯಾದರೆ ಒಂದು ನಿಮಿಷಕ್ಕೆ ತುಸು ಮೇಲಾಗುವಷ್ಟರಲ್ಲಿ ಅದು ತೀರಿಹೋಗುತ್ತದೆ. ಬ್ಯಾಟರಿಯನ್ನು ಬರಿದುಮಾಡುವುದು ಚಾಲನೆಯ ಕ್ಷಣದ ದೊಡ್ಡ ಖರ್ಚಲ್ಲ. ತುಂಬುವ ಯಂತ್ರ ಸುಮ್ಮನಿರುವಾಗ ದೀಪ ಮೊದಲಾದುವು ಎಳೆಯುವ ಸಣ್ಣ ಖರ್ಚು.

ತುಂಬುವ ಯಂತ್ರವಾಗಿ ಮೊದಲು ಬಂದದ್ದು ಡೈನಮೋ. ಇಲ್ಲಿ ವಾಚಕರು ಒಂದು ಅಂಶವನ್ನು ನೆನಪಿನಲ್ಲಿಡಬೇಕು. ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ತಿರುಗಿಸಿದರೆ ಸಹಜವಾಗಿ ಹುಟ್ಟುವುದು ದಿಕ್ಕು ಬದಲಾಯಿಸುತ್ತಲೇ ಇರುವ ಪರ್ಯಾಯ ಪ್ರವಾಹ. ಫ್ಯಾರಡೆಯ ೧೮೩೧ರ ಶೋಧನೆಯನ್ನು ಅನುಸರಿಸಿ ೧೮೩೨ರಲ್ಲಿ ಪ್ಯಾರಿಸಿನ ಪಿಕ್ಸಿ ಕೈಯಿಂದ ತಿರುಗಿಸುವ ಜನಕಯಂತ್ರವನ್ನು ಮಾಡಿದಾಗ ಅದು ಕೊಟ್ಟದ್ದು ಇದನ್ನೇ. ಅಂದಿನವರಿಗೆ ಇದು ಉಪದ್ರವವಾಗಿ ಕಂಡಿತು. ಆಂಪಿಯರನ ಸಲಹೆಯಂತೆ, ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುವ ಕಮ್ಯುಟೇಟರ್ ಎಂಬ ಭಾಗವನ್ನು ಅದಕ್ಕೆ ಜೋಡಿಸಲಾಯಿತು. ವಾಹನದ ಡೈನಮೋ ಈ ವಂಶದ್ದು. ಅದರ ತಿರುಗುವ ಸುರುಳಿಗಳಲ್ಲಿಯೂ ಹುಟ್ಟುವುದು ಪರ್ಯಾಯ ಪ್ರವಾಹವೇ. ತಾಮ್ರದ ಪಟ್ಟಿಗಳ ಕಮ್ಯುಟೇಟರೂ ಅದರ ಮೇಲೆ ಉಜ್ಜುತ್ತಿರುವ ಕಾರ್ಬನ್ ಬ್ರಷ್ಷುಗಳೂ ಅದನ್ನು ಏಕಮುಖವಾಗಿ ಮಾಡಿ ಹೊರಗೆ ಕಳಿಸುತ್ತವೆ. ಬ್ಯಾಟರಿಯನ್ನು ತುಂಬಲು ಏಕಮುಖ ಪ್ರವಾಹವೇ ಆಗಬೇಕಾದ್ದರಿಂದ ಬೇರೆ ಉಪಾಯವಿರಲಿಲ್ಲ.

ಡೈನಮೋವಿನ ಗುಣದೋಷಗಳೆಲ್ಲವೂ ಈ ಒಂದು ಸಂಗತಿಯಿಂದ ಹೊರಡುತ್ತವೆ. ಉತ್ಪನ್ನವಾದ ಪ್ರವಾಹದಷ್ಟೂ ಬ್ರಷ್ಷುಗಳ ಮೂಲಕವೇ ಹಾದುಹೋಗಬೇಕು; ಆದ್ದರಿಂದ ಬ್ರಷ್ಷು ಬೇಗ ಸವೆಯುತ್ತದೆ, ಕಮ್ಯುಟೇಟರಿನಲ್ಲಿ ಕಿಡಿ ಹಾರುತ್ತದೆ, ಪಟ್ಟಿಗಳ ನಡುವೆ ಮಸಿ ಕೂರುತ್ತದೆ. ಭಾರವಾದ ಸುರುಳಿಗಳೇ ತಿರುಗುವುದರಿಂದ ವೇಗವನ್ನು ಮಿತಿಮೀರಿ ಏರಿಸುವಂತಿಲ್ಲ. ಹಾಗಾಗಿ ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋವಿನ ವೇಗವೂ ಸಾಲದೆ, ಅದು ಬ್ಯಾಟರಿಗೆ ಏನನ್ನೂ ಕೊಡಲಾರದು. ಅಂತಹ ಹೊತ್ತಿನಲ್ಲಿ ಬ್ಯಾಟರಿಯ ಪ್ರವಾಹವೇ ಹಿಮ್ಮುಖವಾಗಿ ಡೈನಮೋವಿಗೆ ಹರಿಯದಂತೆ ಕಟೌಟ್ ಎಂಬ ಸ್ವಿಚ್ಚು ಸಂಬಂಧವನ್ನು ಕಡಿಯುತ್ತದೆ. ೧೯೫೦ರ ದಶಕದ ಕೊನೆಯಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಿಂದ ರೂಪುಗೊಂಡು ೨೦೧೪ರವರೆಗೆ ತಯಾರಾದ ಅಂಬಾಸಿಡರ್ ಕಾರಿನ ಮೊದಲ ತಲೆಮಾರುಗಳನ್ನು ನಡೆಸಿದವರಿಗೆ ಇದರ ಅನುಭವ ಉಂಟು. ಆ ಕಾಲದ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಹೆಚ್ಚಾಗಿ ಕಾಣುತ್ತಿದ್ದ ಲೂಕಾಸ್ ಸಿ-೪೦ ಡೈನಮೋ ಪೂರ್ಣ ವೇಗದಲ್ಲಿದ್ದಾಗ ಕೊಡುತ್ತಿದ್ದದ್ದು ೨೨ ಆಂಪಿಯರ್. ತಲಾ ೪೫ ವಾಟಿನ ಎರಡು ಮುಂದೀಪಗಳಿಗೆ ಏಳೂವರೆ ಆಂಪಿಯರ್, ಕಿಡಿಯ ಸುರುಳಿಗೆ ಮೂರು ನಾಲ್ಕು, ಹಿಂದೀಪ ಮತ್ತು ವೈಪರಿಗೆ ಇನ್ನಷ್ಟು ಸೇರಿದರೆ ಮಳೆಗಾಲದ ರಾತ್ರಿಯ ಖರ್ಚು ೧೩–೧೪ ಆಂಪಿಯರಿಗೆ ಬಂದು ನಿಲ್ಲುತ್ತದೆ. ರಸ್ತೆ ತೆರವಾಗಿದ್ದರೆ ಜಮೆ ಮಿಗುತ್ತಿತ್ತು. ರೈಲ್ವೆ ಗೇಟಿನಲ್ಲಿ ನಿಂತರೆ ಜಮೆ ಸೊನ್ನೆ, ಖರ್ಚು ಅಷ್ಟೇ. ಗೇಟಿನ ಬಳಿ ಮುಂದೀಪವನ್ನು ಆರಿಸುವ ಹಳೆಯ ಚಾಲಕರ ಅಭ್ಯಾಸಕ್ಕೆ ಎದುರಿನವರ ಕಣ್ಣಿನ ಮೇಲಣ ದಯೆಯಷ್ಟೇ ಕಾರಣವಾಗಿರಲಿಲ್ಲ.

ಡೈನಮೋವನ್ನು ಪರೀಕ್ಷಿಸುವ ಕ್ರಮವೂ ಅದರ ರಚನೆಯಿಂದಲೇ ಬಂದದ್ದು. ಅದು ತನ್ನ ಕಬ್ಬಿಣದಲ್ಲಿ ಉಳಿದಿರುವ ಅವಶಿಷ್ಟ ಕಾಂತತೆಯಿಂದ ತನ್ನನ್ನು ತಾನೇ ಎಚ್ಚರಿಸಿಕೊಳ್ಳುವ ಯಂತ್ರ. ಈ ತತ್ತ್ವವು ವರ್ನರ್ ಸೀಮೆನ್ಸ್ ಮೊದಲಾದವರಿಂದ ೧೮೬೬–೬೭ರಲ್ಲಿ ಪ್ರಕಟವಾಯಿತು. ಆದಕಾರಣ ಡೈನಮೋವಿನ ಎರಡು ತುದಿಗಳನ್ನು ಸೇರಿಸಿ, ಎಂಜಿನನ್ನು ಮೆಲ್ಲನೆ ಏರಿಸುತ್ತ, ವೋಲ್ಟ್‌ಮೀಟರಿನ ಮುಳ್ಳು ಸರಾಗವಾಗಿ ಮೇಲೇರುವುದೇ ಎಂದು ನೋಡುತ್ತಿದ್ದರು. ಏರಿದರೆ ಡೈನಮೋ ನಿರ್ದೋಷಿ, ತಪ್ಪು ನಿಯಂತ್ರಕ ಪೆಟ್ಟಿಗೆಯದು. ಏರದಿದ್ದರೆ ಬ್ರಷ್ಷಿನಿಂದ ಆರಂಭಿಸಿ ಒಳಗೆ ಹುಡುಕಬೇಕು. ಕಾಂತತೆ ಮರೆತುಹೋದ ಡೈನಮೋವಿಗೆ ಬ್ಯಾಟರಿಯಿಂದ ಒಂದು ಕ್ಷಣ ತಂತಿ ಮುಟ್ಟಿಸಿ ನೆನಪು ತರಿಸುತ್ತಿದ್ದರು. ಬ್ಯಾಟರಿಯ ಧನ-ಋಣಗಳನ್ನು ಅದಲುಬದಲು ಮಾಡಿದರೂ ಇದೇ ಚಿಕಿತ್ಸೆಯಿಂದ ಯಂತ್ರ ಹೊಸ ದಿಕ್ಕಿಗೆ ಒಗ್ಗುತ್ತಿತ್ತು. ಒಟ್ಟಿನಲ್ಲಿ ಅದು ಒರಟುತನವನ್ನು ಸಹಿಸುವ ಯಂತ್ರವಾಗಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಿತ್ತು, ಎಂಜಿನ್ ನಿಲ್ಲದಿದ್ದರೆ ಡೈನಮೋ ಸರಿಯಿದೆಯೆಂದು ತೀರ್ಮಾನಿಸುವ ಪದ್ಧತಿ ಬೆಳೆದದ್ದು ಈ ಆವರಣದಲ್ಲಿ. ಅಂದು ಅದರಿಂದ ಹೆಚ್ಚೆಂದರೆ ಒಂದು ಬಲ್ಬು ಸುಡುತ್ತಿತ್ತು.

ಹೀಗಿರಲು, ಪರ್ಯಾಯ ಪ್ರವಾಹವನ್ನು ಕೊಡುವ ಆಲ್ಟರ್ನೇಟರು ಕಾರಿಗೆ ಇಷ್ಟು ತಡವಾಗಿ ಬಂದುದೇಕೆ ಎಂಬ ಪ್ರಶ್ನೆ ಏಳುತ್ತದೆ. ಅಂತಹ ಯಂತ್ರ ಅಪರಿಚಿತವಾಗಿರಲಿಲ್ಲ. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲಿ ದೂರ ಹರಿದದ್ದು ಪರ್ಯಾಯ ಪ್ರವಾಹವೇ. ಮೈಸೂರು ಸಂಸ್ಥಾನ ಅಂದೇ ಬಲ್ಲ ಯಂತ್ರವು ಕಾರಿನ ಮುಚ್ಚಳದ ಕೆಳಗೆ ಬರಲು ಮತ್ತೆ ಅರವತ್ತು ವರ್ಷ ಹಿಡಿಯಿತು. ಆಲ್ಟರ್ನೇಟರು ಡೈನಮೋವಿಗಿಂತ ದಕ್ಷವಾದ್ದರಿಂದ ಅದನ್ನು ಆರಿಸಿಕೊಂಡರೆಂದು ಬರೆಯುವುದು ವಾಡಿಕೆ. ಇದು ಅರ್ಧ ಸತ್ಯ; ಅದರ ಮೇಲ್ಮೆ ಮೊದಲೇ ತಿಳಿದಿತ್ತು. ಕೊರತೆ ಇದ್ದದ್ದು ಜನಕಯಂತ್ರದಲ್ಲಲ್ಲ, ಪರ್ಯಾಯ ಪ್ರವಾಹವನ್ನು ಏಕಮುಖಗೊಳಿಸುವ, ಸಣ್ಣದಾದ ಮತ್ತು ಎಂಜಿನಿನ ಬಿಸಿಯನ್ನು ತಾಳುವ ಸಾಧನದಲ್ಲಿ. ೧೯೪೦ರ ದಶಕದಲ್ಲಿ ಸೆಲೆನಿಯಂ ಫಲಕಗಳ ದೊಡ್ಡ ಕಟ್ಟುಗಳನ್ನು ಹೊತ್ತು ಕೆಲವು ಬಸ್ಸುಗಳೂ ಸೈನ್ಯದ ವಾಹನಗಳೂ ಆಲ್ಟರ್ನೇಟರನ್ನು ಬಳಸಿದುವು. ಸಾಮಾನ್ಯ ಕಾರಿನಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ೧೯೫೦ರ ದಶಕದಲ್ಲಿ ಸಿಲಿಕಾನ್ ಡಯೋಡು ಅಗ್ಗವಾದಾಗ, ಗುಂಡಿಯಷ್ಟು ಗಾತ್ರದ ಆರು ತುಣುಕುಗಳು ಆ ಕಟ್ಟಿನ ಕೆಲಸವನ್ನು ವಹಿಸಿಕೊಂಡುವು. ಕ್ರೈಸ್ಲರ್ ಕಂಪನಿಯ ೧೯೬೦ರ ವ್ಯಾಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರು ಮೊದಲ ಬಾರಿಗೆ ದೊಡ್ಡ ಪ್ರಮಾಣದ ತಯಾರಿಕೆಯ ಸಾಮಾನ್ಯ ಅಂಗವಾಗಿ ಬಂದಿತು. ಭಾರತದಲ್ಲಿ ವಾಹನಗಳ ವಿದ್ಯುತ್ಸಾಮಗ್ರಿಗಾಗಿ ಲೂಕಾಸ್-ಟಿವಿಎಸ್ ಸಂಸ್ಥೆ ಮದರಾಸಿನಲ್ಲಿ ೧೯೬೧ರಲ್ಲಿ ಸ್ಥಾಪಿತವಾದರೂ, ನಮ್ಮ ರಸ್ತೆಗಳಲ್ಲಿ ಡೈನಮೋ ಇನ್ನೂ ಬಹುಕಾಲ ಬಾಳಿತು. ಎರಡು ಯಂತ್ರಗಳೂ ಒಂದೇ ಗ್ಯಾರೇಜಿಗೆ ದುರಸ್ತಿಗೆ ಬರುತ್ತಿದ್ದ ಈ ದೀರ್ಘ ಸಂಧಿಕಾಲದಲ್ಲಿಯೇ ಒಂದರ ಪರೀಕ್ಷೆ ಇನ್ನೊಂದಕ್ಕೆ ಅಂಟಿಕೊಂಡಿತೆಂದು ನಾವು ಊಹಿಸುತ್ತೇವೆ.

ಆಲ್ಟರ್ನೇಟರಿನಲ್ಲಿ ಪಾತ್ರಗಳು ಅದಲುಬದಲಾಗಿವೆ. ತಿರುಗುವುದು ಕಾಂತ; ವಿದ್ಯುತ್ತು ಹುಟ್ಟುವ ಸುರುಳಿಗಳು ಸುತ್ತಲೂ ಸ್ಥಿರವಾಗಿ ನಿಂತಿರುತ್ತವೆ. ಬ್ರಷ್ಷುಗಳ ಮೂಲಕ ಹಾಯುವುದು ತಿರುಗುವ ಕಾಂತವನ್ನು ಎಚ್ಚರಿಸುವ ಕೆಲವೇ ಆಂಪಿಯರ್ ಪ್ರವಾಹ. ಅವು ಉಜ್ಜುವುದೂ ನುಣುಪಾದ ಉಂಗುರಗಳ ಮೇಲೆ. ಹಗುರವೂ ಗಟ್ಟಿಯೂ ಆದ ಈ ಕಾಂತವನ್ನು ಎಂಜಿನಿನ ಎರಡು ಮೂರು ಪಟ್ಟು ವೇಗದಲ್ಲಿ ತಿರುಗಿಸಬಹುದಾದ್ದರಿಂದ ಎಂಜಿನ್ ನಿಧಾನವಾಗಿದ್ದಾಗಲೂ ಜಮೆ ನಡೆಯುತ್ತದೆ. ಡಯೋಡುಗಳು ಹಿಮ್ಮುಖ ಪ್ರವಾಹವನ್ನು ತಾವೇ ತಡೆಯುವುದರಿಂದ ಕಟೌಟ್ ಬೇಕಿಲ್ಲ. ಸುರುಳಿಗಳ ಸ್ವಂತ ಪ್ರತಿರೋಧವೇ ಪ್ರವಾಹವನ್ನು ಮಿತಿಯಲ್ಲಿಡುವುದರಿಂದ ಅದಕ್ಕಾಗಿ ಬೇರೆ ನಿಯಂತ್ರಕವೂ ಬೇಕಿಲ್ಲ. ಉಳಿದದ್ದು ವೋಲ್ಟೇಜನ್ನು ಕಾಯುವ ರೆಗ್ಯುಲೇಟರ್ ಒಂದೇ. ಇಷ್ಟೆಲ್ಲ ಲಾಭವಾದರೂ ದೋಷ ಮಾಯವಾಗಲಿಲ್ಲ, ಸ್ಥಳ ಬದಲಾಯಿಸಿತು. ಕಣ್ಣಿಗೆ ಕಾಣುತ್ತಿದ್ದ ತಾಮ್ರ ಮತ್ತು ಇಂಗಾಲದಿಂದ ಅದು ಕಣ್ಣಿಗೆ ಕಾಣದ ಸಿಲಿಕಾನಿಗೆ ಸರಿಯಿತು. ಕಮ್ಯುಟೇಟರ್ ಕೆಟ್ಟಿದ್ದರೆ ಮೇಸ್ತ್ರಿ ನೋಡಿಯೇ ಹೇಳಬಲ್ಲವನಾಗಿದ್ದ. ಕೆಟ್ಟ ಡಯೋಡು ನೋಡುವುದಕ್ಕೆ ಒಳ್ಳೆಯ ಡಯೋಡಿನಂತೆಯೇ ಇರುತ್ತದೆ. ಹೀಗಾಗಿ ಅಳೆಯುವುದು ಅನಿವಾರ್ಯವಾಯಿತು.

ಅಳತೆಗೆ ಬೇಕಾದ ಉಪಕರಣ ಬೆಲೆಯುಳ್ಳದ್ದೇನಲ್ಲ. ಸಾಮಾನ್ಯವಾದ ಒಂದು ಮಲ್ಟಿಮೀಟರ್ ಸಾಕು. ಮೊದಲು ವಾಹನವನ್ನು ಕೆಲವು ಗಂಟೆಗಳ ಕಾಲ ನಿಲ್ಲಿಸಿ ಬ್ಯಾಟರಿಯ ವೋಲ್ಟೇಜನ್ನು ನೋಡಬೇಕು. ಆಗತಾನೆ ಓಡಿ ನಿಂತಿದ್ದರೆ ಮೇಲ್ಪದರದ ಸುಳ್ಳು ಸಿರಿಯು ಅಳತೆಯನ್ನು ಕೆಡಿಸುತ್ತದೆ. ಮುಂದೀಪವನ್ನು ಒಂದೆರಡು ನಿಮಿಷ ಉರಿಸಿ ಆರಿಸಿ, ಸ್ವಲ್ಪ ತಡೆದು ನೋಡಿದರೆ ಅದು ಕಳೆಯುತ್ತದೆ. ಹನ್ನೆರಡು ವೋಲ್ಟಿನದೆಂದು ಕರೆಯುವ ಬ್ಯಾಟರಿಯಲ್ಲಿ ಆರು ಕೋಶಗಳಿದ್ದು, ಪೂರ್ಣ ತುಂಬಿದಾಗ ಅದು ೧೨.೬ ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. ೧೨.೨ ಎಂದರೆ ಸುಮಾರು ಅರ್ಧ. ೧೨ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದು. ಹೆಸರಿನಲ್ಲಿ ಹನ್ನೆರಡಿದೆಯೆಂದು ೧೨ ವೋಲ್ಟನ್ನು ಕಂಡು ತೃಪ್ತರಾಗುವವರು ಇಲ್ಲಿಯೇ ಎಡವುತ್ತಾರೆ. ಸೆಲ್ಫ್ ತಿರುಗುವಾಗ ವೋಲ್ಟೇಜು ೯.೬ಕ್ಕಿಂತ ಕೆಳಗಿಳಿಯಬಾರದು. ಪೂರ್ತಿ ತುಂಬಿದ ಬ್ಯಾಟರಿಯೂ ಹೀಗೆ ಕುಸಿದರೆ ಆಗ ಮಾತ್ರ ಅಪರಾಧವನ್ನು ಬ್ಯಾಟರಿಯ ಮೇಲೆ ಹೊರಿಸುವುದು ನ್ಯಾಯ. ಬರಿದಾದ ಬ್ಯಾಟರಿಯನ್ನು ತುಂಬದೆ ಪರೀಕ್ಷಿಸಿ ಸತ್ತಿದೆಯೆಂದು ಎಸೆಯುವುದು ನಿತ್ಯವೂ ನಡೆಯುವ ಅನ್ಯಾಯ. ಹಾಗೆಂದು ಅದನ್ನು ಬಹುಕಾಲ ಬರಿದಾಗಿ ಬಿಡುವಂತೆಯೂ ಇಲ್ಲ: ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ, ಮುಂದೆ ತುಂಬಿದರೂ ತುಂಬದ ಸ್ಥಿತಿಗೆ ಬರುತ್ತದೆ.

ಅನಂತರ ಎಂಜಿನನ್ನು ಚಾಲನೆಗೊಳಿಸಿ, ನಿಮಿಷಕ್ಕೆ ೧೫೦೦ರಿಂದ ೨೦೦೦ ಸುತ್ತುಗಳಲ್ಲಿ ಇರಿಸಿ, ಅದೇ ಸ್ಥಳದಲ್ಲಿ ಅಳೆಯಬೇಕು. ೧೩.೮ರಿಂದ ೧೪.೫ರವರೆಗೆ ಇದ್ದರೆ ಜಮೆ ನಡೆಯುತ್ತಿದೆಯೆಂದು ತಿಳಿಯಬಹುದು. ಸೆಕೆಯ ದಿನಗಳಲ್ಲಿ ತುಸು ಕಡಿಮೆಯಿರುವುದು ಸಹಜ. ಎಂಜಿನ್ ಓಡಿದರೂ ವೋಲ್ಟೇಜು ನಿಂತಿದ್ದಾಗಿನಷ್ಟೇ ಇದ್ದು ಇಳಿಯುತ್ತ ಹೋದರೆ ಜಮೆಯಿಲ್ಲ. ೧೫ನ್ನು ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗನೆ ಇಂಗುವುದು, ಕೊಳೆತ ಮೊಟ್ಟೆಯ ವಾಸನೆ, ಬಲ್ಬುಗಳು ಮೇಲಿಂದ ಮೇಲೆ ಸುಡುವುದು ಇದರ ಇತರ ಕುರುಹುಗಳು. ಕೊನೆಗೆ ಮುಂದೀಪ, ಫ್ಯಾನು ಎಲ್ಲವನ್ನೂ ಹಾಕಿ ನೋಡಬೇಕು. ಹೊರೆಯಿಲ್ಲದಾಗ ೧೪ ತೋರಿಸಿ ಹೊರೆ ಬಿದ್ದೊಡನೆ ೧೩ಕ್ಕಿಂತ ಕೆಳಗೆ ಬೀಳುವ ಯಂತ್ರದಲ್ಲಿ ಬೆಲ್ಟು ಜಾರುತ್ತಿರಬಹುದು, ಇಲ್ಲವೆ ಒಂದು ಡಯೋಡು ಸತ್ತು ಶಕ್ತಿ ಕುಗ್ಗಿರಬಹುದು. ಹೊಳಪುಗಟ್ಟಿದ ಹಳೆಯ ಬೆಲ್ಟು ಮಳೆಯಲ್ಲಿ ಕಿರಿಚುವುದನ್ನು ಕೇಳದವರಿಲ್ಲ. ಬೆಲ್ಟನ್ನು ನೋಡುವುದಕ್ಕೆ ಮೀಟರೂ ಬೇಡ. ಆದರೂ ಆಲ್ಟರ್ನೇಟರನ್ನು ಬಿಚ್ಚಿ ಕೆಳಗಿಳಿಸಿದ ಮೇಲೆ ಬೆಲ್ಟಿನ ನೆನಪಾಗುವುದುಂಟು.

ಜಮೆ ಹೊರಟರೂ ತಲಪದಿರುವ ಸಂದರ್ಭ ಬೇರೆ. ಆಲ್ಟರ್ನೇಟರಿನ ದಪ್ಪ ತಂತಿಯ ತುದಿಯಿಂದ ಬ್ಯಾಟರಿಯ ಧನ ತುದಿಗೆ ಮೀಟರನ್ನು ಹಿಡಿದು, ದೀಪಗಳು ಉರಿಯುತ್ತಿರುವಾಗ ಎಷ್ಟು ವೋಲ್ಟ್ ನಡುವೆ ಕಳೆದುಹೋಗುತ್ತಿದೆಯೆಂದು ನೋಡಬೇಕು. ಅರ್ಧ ವೋಲ್ಟಿಗೆ ಮುಟ್ಟಿದರೆ ತಂತಿಯಲ್ಲೋ ಬೆಸುಗೆಯಲ್ಲೋ ಕಿಲುಬು ಕೂತಿದೆ. ಹಾಗೆಯೇ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ಋಣ ತುದಿಗೂ ನಡುವೆ ೦.೨ ವೋಲ್ಟಿಗಿಂತ ಹೆಚ್ಚು ಇರಬಾರದು. ಮೇಸ್ತ್ರಿಗಳು ಅರ್ತಿಂಗ್ ಎನ್ನುವ ಈ ಮರಳುವ ದಾರಿಯನ್ನು ಪರೀಕ್ಷಿಸದೆ ಬದಲಾಯಿಸಲಾದ ಆಲ್ಟರ್ನೇಟರುಗಳು ಎಷ್ಟೋ. ಇನ್ನೊಂದು ಬಗೆಯದು ರಾತ್ರಿಯ ಖರ್ಚು. ಎಲ್ಲವನ್ನೂ ಆರಿಸಿ, ಬಾಗಿಲುಗಳನ್ನು ಮುಚ್ಚಿ, ವಾಹನದೊಳಗಣ ಗಣಕಗಳು ನಿದ್ರಿಸುವವರೆಗೆ ಕಾದು, ಬ್ಯಾಟರಿಯಿಂದ ಹೊರಡುವ ಪ್ರವಾಹವನ್ನು ಅಳೆದರೆ ಸಾಮಾನ್ಯವಾಗಿ ೫೦ ಮಿಲಿ ಆಂಪಿಯರ್ ಮೀರುವುದಿಲ್ಲ. ಅರ್ಧ ಆಂಪಿಯರ್ ಸೋರುತ್ತಿದ್ದರೆ ದಿನಕ್ಕೆ ೧೨ ಆಂಪಿಯರ್-ಗಂಟೆ. ೪೦ ಆಂಪಿಯರ್-ಗಂಟೆಯ ಬ್ಯಾಟರಿ ನಾಲ್ಕು ದಿನವೂ ಬಾಳದು. ಫ್ಯೂಸುಗಳನ್ನು ಒಂದೊಂದಾಗಿ ತೆಗೆಯುತ್ತ ಹೋದರೆ ಕಳ್ಳನ ಕೋಣೆ ಸಿಕ್ಕುತ್ತದೆ. ಎಲ್ಲ ಫ್ಯೂಸುಗಳನ್ನು ತೆಗೆದರೂ ಸೋರಿಕೆ ನಿಲ್ಲದೆ, ಆಲ್ಟರ್ನೇಟರಿನ ತಂತಿಯನ್ನು ಕಳಚಿದಾಗ ನಿಂತರೆ, ಡಯೋಡು ಬಾಗಿಲನ್ನು ತೆರೆದಿಟ್ಟಿದೆಯೆಂದು ಅರ್ಥ. ಬ್ಯಾಟರಿಯ ಋಣ ತುದಿಯನ್ನು ಬಿಡಿಸದೆ ಈ ತಂತಿಯನ್ನು ಮುಟ್ಟಬಾರದು.

ಚಾಲಕನ ಮುಂದಿರುವ ಬ್ಯಾಟರಿಯ ಕೆಂಪು ದೀಪದ ಬಗೆಗೆ ಚರಿತ್ರೆಯ ವಿದ್ಯಾರ್ಥಿಗಳಾದ ನಾವು ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಏಕೆಂದರೆ ಇದು ಸಾಕ್ಷ್ಯಪರೀಕ್ಷೆಯ ಪ್ರಶ್ನೆ. ದೀಪವು ಕಂಡದ್ದನ್ನು ಮಾತ್ರ ಹೇಳಬಲ್ಲದು, ಅದು ಕಾಣುವುದು ಬಹಳ ಸ್ವಲ್ಪ. ಸಾಂಪ್ರದಾಯಿಕ ರಚನೆಯಲ್ಲಿ ಅದರ ಒಂದು ತುದಿ ಬ್ಯಾಟರಿಯ ಕಡೆಗೂ ಇನ್ನೊಂದು ತುದಿ ಆಲ್ಟರ್ನೇಟರಿನ ಕಡೆಗೂ ಇರುತ್ತದೆ. ಎರಡರ ವೋಲ್ಟೇಜು ಸಮವಾದರೆ ದೀಪ ಆರುತ್ತದೆ, ಅಂತರವಿದ್ದರೆ ಉರಿಯುತ್ತದೆ. ಜಮೆ ಸಾಕಷ್ಟಿದೆಯೇ, ಮಿತಿಮೀರಿದೆಯೇ, ತಂತಿಯಲ್ಲಿ ಕಳೆದುಹೋಗುತ್ತಿದೆಯೇ ಎಂಬುದೊಂದೂ ಅದಕ್ಕೆ ತಿಳಿಯದು. ಅಲ್ಲದೆ ಅದು ಕೇವಲ ಸಾಕ್ಷಿಯಲ್ಲ, ಪಾತ್ರಧಾರಿಯೂ ಹೌದು: ಕೀಲಿ ತಿರುಗಿಸಿದಾಗ ಅದರ ಮೂಲಕ ಹರಿಯುವ ಸಣ್ಣ ಪ್ರವಾಹವೇ ಆಲ್ಟರ್ನೇಟರಿನ ಕಾಂತವನ್ನು ಮೊದಲು ಎಚ್ಚರಿಸುತ್ತದೆ. ಬಲ್ಬು ಸುಟ್ಟಿದ್ದರೆ ಯಂತ್ರ ಎಚ್ಚರಗೊಳ್ಳದೆಯೇ ಇರಬಹುದು; ಆಗ ಜಮೆಯೂ ಇಲ್ಲ, ಇಲ್ಲವೆಂದು ಹೇಳುವ ದೀಪವೂ ಇಲ್ಲ. ಆದ್ದರಿಂದ ಓಡುವಾಗ ಉರಿಯುವ ದೀಪಕ್ಕಿಂತ, ಕೀಲಿ ತಿರುಗಿಸಿದಾಗ ಉರಿಯದ ದೀಪವನ್ನು ಮೊದಲು ವಿಚಾರಿಸಬೇಕು. ಮಂಕಾಗಿ ಮಿನುಗುವ ದೀಪ ಬಹುಮಟ್ಟಿಗೆ ಡಯೋಡಿನ ದೋಷವನ್ನು ಸೂಚಿಸುತ್ತದೆ. ಇದನ್ನು ದೃಢಪಡಿಸಲು ಮೀಟರನ್ನು ಪರ್ಯಾಯ ಪ್ರವಾಹದ ಅಳತೆಗೆ ತಿರುಗಿಸಿ, ಎಂಜಿನ್ ಓಡುವಾಗ ಬ್ಯಾಟರಿಯ ತುದಿಗಳಲ್ಲಿ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ, ೧೮೩೨ರಲ್ಲಿ ಪಿಕ್ಸಿ ಕಂಡ ಆ ದಿಕ್ಕುಗೇಡಿ ಪ್ರವಾಹ ಕಾವಲನ್ನು ತಪ್ಪಿಸಿ ಹೊರಬರುತ್ತಿದೆಯೆನ್ನಬೇಕು.

ಈಗ ಬ್ಯಾಟರಿಯ ತಂತಿಯನ್ನು ಕೀಳುವ ಪದ್ಧತಿಗೆ ಮರಳೋಣ. ಆಲ್ಟರ್ನೇಟರು ದೊಡ್ಡ ಪ್ರವಾಹವನ್ನು ಬ್ಯಾಟರಿಗೆ ಕೊಡುತ್ತಿರುವಾಗ ಹಠಾತ್ತಾಗಿ ತಂತಿಯನ್ನು ಕಿತ್ತರೆ, ತಿರುಗುತ್ತಿರುವ ಕಾಂತವು ಕೂಡಲೆ ಶಾಂತವಾಗುವುದಿಲ್ಲ. ಹೊರೆ ತಪ್ಪಿದ ಆ ಕ್ಷಣದಲ್ಲಿ, ತಡೆಯುವ ಏರ್ಪಾಡಿಲ್ಲದ ಹನ್ನೆರಡು ವೋಲ್ಟಿನ ವ್ಯವಸ್ಥೆಯಲ್ಲಿ ೮೦ರಿಂದ ೧೦೦ ವೋಲ್ಟಿನವರೆಗೆ ನೆಗೆತ ಉಂಟಾಗಬಹುದು. ಅದು ಸೆಕೆಂಡಿನ ಕೆಲವು ಹತ್ತನೆಯ ಭಾಗಗಳ ಕಾಲ ನಿಲ್ಲಬಲ್ಲದು. ಈಚಿನ ಆಲ್ಟರ್ನೇಟರುಗಳ ಡಯೋಡುಗಳು ಈ ನೆಗೆತವನ್ನು ಬಹುಮಟ್ಟಿಗೆ ಕತ್ತರಿಸುತ್ತವೆಯಾದರೂ ಅದನ್ನು ನಂಬಿ ಪರೀಕ್ಷೆಗೆ ಇಳಿಯುವುದು ವಿವೇಕವಲ್ಲ. ಸುಡುವುದು ಈಗ ಒಂದು ಬಲ್ಬಲ್ಲ. ರೆಗ್ಯುಲೇಟರ್, ಡಯೋಡುಗಳು, ಎಂಜಿನನ್ನು ಆಳುವ ಗಣಕ. ಬ್ಯಾಟರಿಯನ್ನು ಹಿಂದುಮುಂದಾಗಿ ಜೋಡಿಸುವ ತಪ್ಪನ್ನು ಡೈನಮೋ ಕ್ಷಮಿಸುತ್ತಿತ್ತು, ಡಯೋಡು ಕ್ಷಮಿಸದು. ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆಯೆಂಬ ಕಾರಣಕ್ಕೆ ಈ ಪರೀಕ್ಷೆಯನ್ನು ಮಾಡುವ ಮೇಸ್ತ್ರಿಯನ್ನು ಅಜ್ಞಾನಿಯೆಂದು ಜರೆಯುವುದು ಸುಲಭ. ಆತ ಅನುಸರಿಸುತ್ತಿರುವುದು ಒಮ್ಮೆ ಸರಿಯಾಗಿದ್ದ ಜ್ಞಾನವನ್ನು. ಹಾಗೆ ಸರಿಯಾಗಿದ್ದುದಕ್ಕೆ ಕಾರಣವೇನೆಂಬುದನ್ನು ವಿದ್ಯೆಯ ಜೊತೆಯಲ್ಲಿ ಆತನಿಗೆ ಯಾರೂ ಕೊಡಲಿಲ್ಲ, ಅಷ್ಟೆ.

ಮೇಲೆ ಹೇಳಿದ ಅಂಕಿಗಳಿಗೂ ಇದೇ ಗತಿ ಬರುತ್ತಿರುವುದನ್ನು ಗಮನಿಸಬೇಕು. ಇತ್ತೀಚಿನ ಅನೇಕ ಕಾರುಗಳಲ್ಲಿ ಆಲ್ಟರ್ನೇಟರಿನ ವೋಲ್ಟೇಜನ್ನು ಎಂಜಿನಿನ ಗಣಕವೇ ನಿರ್ಧರಿಸುತ್ತದೆ. ಇಂಧನವನ್ನು ಉಳಿಸಲು ವೇಗ ಏರುವಾಗ ಜಮೆಯನ್ನು ತಗ್ಗಿಸಿ, ವೇಗ ಇಳಿಯುವಾಗ ಹೆಚ್ಚಿಸುತ್ತದೆ, ವೋಲ್ಟೇಜು ೧೨.೫ರಿಂದ ೧೫ರವರೆಗೆ ಓಲಾಡುವುದು ಅಲ್ಲಿ ದೋಷವಲ್ಲ, ಉದ್ದೇಶ. ಅಂತಹ ಕಾರಿನಲ್ಲಿ ೧೪ ಕಾಣಲಿಲ್ಲವೆಂದು ಆಲ್ಟರ್ನೇಟರನ್ನು ಬದಲಾಯಿಸುವವನು, ಓಡುವ ಎಂಜಿನಿನಿಂದ ತಂತಿ ಕಿತ್ತವನ ಸಾಲಿಗೇ ಸೇರುತ್ತಾನೆ. ಮೊದಲು ದೀಪ, ಫ್ಯಾನುಗಳ ಹೊರೆಯನ್ನು ಹಾಕಿ, ಗಣಕ ಅದಕ್ಕೆ ಮಾರ್ಪಡುವುದೇ ಎಂದು ಕೆಲವು ನಿಮಿಷ ಕಾಯಬೇಕು.

ಪೂರ್ಣವಾಗಿ ವಿದ್ಯುತ್ತಿನಿಂದ ಓಡುವ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ. ಆದರೆ ಪ್ಲಾಂಟೆಯ ಕಾಲದ ತಿಜೋರಿ ಅಲ್ಲಿಯೂ ಬಹುತೇಕ ಉಳಿದುಕೊಂಡಿದೆ. ದೀಪಗಳಿಗೂ ಗಣಕಗಳಿಗೂ ಹನ್ನೆರಡು ವೋಲ್ಟಿನ ಒಂದು ಸಣ್ಣ ಬ್ಯಾಟರಿಯಿದ್ದು, ಮುಖ್ಯ ಬ್ಯಾಟರಿಯ ನೂರಾರು ವೋಲ್ಟುಗಳನ್ನು ತಗ್ಗಿಸುವ ಪರಿವರ್ತಕವೊಂದು ಅದನ್ನು ತುಂಬುತ್ತದೆ. ಮುಖ್ಯ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚುಗಳು ಮುಚ್ಚಿಕೊಳ್ಳಬೇಕಾದರೆ ಈ ಸಣ್ಣ ಬ್ಯಾಟರಿಯ ಅಪ್ಪಣೆ ಬೇಕು. ಅದು ಬರಿದಾದರೆ, ನೂರಾರು ಮೈಲಿ ಓಡುವಷ್ಟು ಶಕ್ತಿ ತುಂಬಿದ್ದರೂ ಕಾರು ನಿಂತಲ್ಲೇ ನಿಲ್ಲುತ್ತದೆ. ಮೀಟರನ್ನು ಹಿಡಿದು ೧೨.೬ ಇದೆಯೇ ಎಂದು ನೋಡುವ ಕೆಲಸ ಅಲ್ಲಿಯೂ ಮೊದಲಿನದೇ.